ಓಡಿನ್ ಕಲ್ಲನ್ನು ಒಡೆದವನು ಒಬ್ಬ, ಕಳೆದುಕೊಂಡಿದ್ದು ಇಡೀ ಊರು

ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ಮಧ್ಯೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿನ ಸ್ಟೆನ್ನೆಸ್‌ನಲ್ಲಿ ಸುಮಾರು 5000 ವರ್ಷ ಹಿಂದೆ ನೆಟ್ಟ ದೊಡ್ಡ ಕಲ್ಲುಗಳು ಈಗಲೂ ನಿಂತಿವೆ. ಎಲ್ಲರೂ ಅವುಗಳ ಫೋಟೋ ಹಾಕುತ್ತಾರೆ. ನನಗೆ ಹೇಳಬೇಕಾಗಿರುವುದು ಅಲ್ಲೇ ಹತ್ತಿರ ಇದ್ದು, ಈಗ ಇಲ್ಲದ ಒಂದು ಕಲ್ಲಿನ ಬಗ್ಗೆ.

ಅದರ ಹೆಸರು ಓಡಿನ್ ಕಲ್ಲು. ಸುಮಾರು 8 ಅಡಿ ಎತ್ತರ, ಮೈಯಲ್ಲಿ ಆರಪಾರ ಒಂದು ತೂತು. ಪ್ರೀತಿಸಿದ ಹುಡುಗ ಹುಡುಗಿ ಆಚೆ ಈಚೆ ನಿಂತು, ಆ ತೂತಿನೊಳಗೆ ಕೈ ಕೈ ಹಿಡಿದು ಮಾತು ಕೊಡುತ್ತಿದ್ದರು. ಆ ಮಾತಿಗೆ ಊರಲ್ಲಿ ಮದುವೆಯಷ್ಟೇ ಬೆಲೆ. ಬಿಟ್ಟುಹೋಗಬೇಕೆಂದರೆ ಇಬ್ಬರೂ ಸ್ಟೆನ್ನೆಸ್ ಚರ್ಚಿಗೆ ಬರಬೇಕು. ಒಬ್ಬರು ತೆಂಕಣ ಬಾಗಿಲಿಂದ, ಇನ್ನೊಬ್ಬರು ಬಡಗಣ ಬಾಗಿಲಿಂದ ಹೊರಗೆ ಹೋದರೆ ಸಂಬಂಧ ಮುಗಿಯಿತು. ಎಷ್ಟು ಚೆನ್ನಾದ ಕಟ್ಟಳೆ ಅಲ್ವಾ! ಕಾಯಿಲೆ ಬರದಿರಲಿ ಎಂದು ಮಕ್ಕಳ ತಲೆಯನ್ನೂ ಆ ತೂತಿಗೆ ಒಡ್ಡುತ್ತಿದ್ದರು. ಬಂದವರು ರೊಟ್ಟಿಯನ್ನೋ ಚೀಸನ್ನೋ, ಏನೂ ಇಲ್ಲದಿದ್ದರೆ ಬಟ್ಟೆಯ ಚೂರನ್ನೋ ಇಟ್ಟು ಹೋಗುತ್ತಿದ್ದರು.

1814ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ಮ್ಯಾಕೇ ಎಂಬ ಗೇಣಿದಾರ ಅದನ್ನು ಒಡೆದುಹಾಕಿದ. ಹೊರಗಿನಿಂದ ಬಂದವನು. ಕಲ್ಲು ನೋಡಲು ಬರುವ ಜನ ತನ್ನ ಹೊಲ ತುಳಿಯುತ್ತಾರೆ ಎಂಬ ಸಿಟ್ಟು ಅವನಿಗೆ. ಪಕ್ಕದಲ್ಲಿ ವೃತ್ತವಾಗಿ ನಿಂತಿದ್ದ ಆ ಸ್ಟೆನ್ನೆಸ್ ಕಲ್ಲುಗಳಿಗೂ ಕೈ ಹಾಕಿದ. ಒಂದನ್ನು ಒಡೆದ, ಇನ್ನೊಂದನ್ನು ಉರುಳಿಸಿದ. ಆಮೇಲಷ್ಟೇ ಅವನನ್ನು ತಡೆದರು. ಜನ ಎಷ್ಟು ಕುದಿದಿದ್ದರೆಂದರೆ ಅವನ ಮನೆಗೆ ಬೆಂಕಿ ಇಡಲು ನೋಡಿದರಂತೆ.

ಬೆಂಕಿ ಇಡುವುದು ತಪ್ಪೇ. ಆದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಲ ಗೇಣಿಗೆ ಪಡೆದವನು ಅವನಿರಬಹುದು. ಆ ಕಲ್ಲಿನ ಮುಂದೆ ಅಜ್ಜ ಅಜ್ಜಿಯ ಕಾಲದಿಂದ ಮಾತು ಕೊಟ್ಟವರಿಗೆ ಅದರಲ್ಲಿ ಹಕ್ಕೇ ಇರಲಿಲ್ಲವೇ? ಸ್ಟೆನ್ನೆಸ್ ಕಲ್ಲುಗಳಿಗೆ ಬ್ರಿಟನ್ನಿನ ಕಾನೂನು ರಕ್ಷಣೆ ಕೊಟ್ಟಿದ್ದು 1882ರಲ್ಲಿ. ಅಷ್ಟು ಹೊತ್ತಿಗೆ ಓಡಿನ್ ಕಲ್ಲು ಹೋಗಿ 68 ವರ್ಷವಾಗಿತ್ತು. ಕಾನೂನು ಬರುವವರೆಗೆ ಇಂಥ ಕಲ್ಲುಗಳನ್ನು ಉಳಿಸಿಕೊಂಡಿದ್ದು ಅವುಗಳನ್ನು ನಂಬಿ ಮುಟ್ಟುತ್ತಿದ್ದ ಜನರೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರನ್ನು ಸುಮ್ನೆ ಮೂಢರು ಎಂದು ತಳ್ಳಿಹಾಕಬೇಡಿ.

ಉರುಳಿಸಿದ ಕಲ್ಲನ್ನು 1906ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಚೂರಾದ ಓಡಿನ್ ಕಲ್ಲಿಗೆ ಆ ದಾರಿಯೂ ಇರಲಿಲ್ಲ. ಹೊಸದೊಂದು ಕಲ್ಲು ತಂದು ತೂತು ಕೊರೆದು ನೆಡುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿಗೆ ಹೋಗುವವರಿಗೆ ಕಲ್ಲುಗಳ ಎತ್ತರ, ವಯಸ್ಸು ಹೇಳುವಾಗ ಮ್ಯಾಕೇ ಮಾಡಿದ್ದನ್ನೂ ಹೇಳಬೇಕು. ಅದಕ್ಕಿಂತ ಜಾಸ್ತಿ, ಚರ್ಚಿನ ಆ ಎರಡು ಬಾಗಿಲುಗಳ ವಿಷಯ ಹೇಳಬೇಕು.