ಸ್ಪಷ್ಟನೆ: ಹೊಟ್ಟೆ ತೂತಾಗುವುದು ಮಿರ್ಚಿಯಿಂದಲ್ಲ

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಮಂಡಕ್ಕಿ-ಮಿರ್ಚಿ ತಿಂದರೆ ಅಲ್ಸರ್ ಆಗಿ ಹೊಟ್ಟೆ ತೂತಾಗುತ್ತದೆ. ತಣ್ಣನೆ ಹಾಲು ಕುಡಿದರೆ ತಾನೇ ಮುಚ್ಚುತ್ತದೆ, ಆಪರೇಷನ್ ಬೇಡ.’ ಎರಡೂ ತಪ್ಪು. ಎರಡನೆಯದಂತೂ ಜೀವಕ್ಕೇ ಕುತ್ತು.

ಖಾರದಿಂದ ಉರಿ ಜಾಸ್ತಿಯಾಗಬಹುದು, ಅಷ್ಟೆ. ಹೆಚ್ಚಿನ ಅಲ್ಸರ್‌ಗಳಿಗೆ ಕಾರಣ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆ. ಆ ಬ್ಯಾಕ್ಟೀರಿಯಾದ ಪಾತ್ರ ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಂಡಿನೋವಿಗೆ ಅಂತ ಡಾಕ್ಟರ್ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್ ಇದೆಯಲ್ಲ, ಅನುಮಾನ ಪಡಬೇಕಾದ್ದು ಅದರ ಮೇಲೆ. ಬೀಡಿ, ಸಿಗರೇಟು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಪಾಪ, ಬೈಸಿಕೊಳ್ಳುವುದು ಮಾತ್ರ ಮಿರ್ಚಿ!

ತೂತಾದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಇದ್ದಕ್ಕಿದ್ದಂತೆ ಚುಚ್ಚುವ ನೋವು ಬರುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಕೆಮ್ಮಿದರೂ ನೋವು. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಡಯಾಫ್ರಮ್ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಳಗೆ ಗಾಳಿ ಕಾಣುತ್ತದೆ. ಆಗ ಹಾಲು ಕುಡಿಸಿದರೆ ಅದೂ ತೂತಿನಿಂದ ಹೊರಬಿದ್ದು ಕರುಳಿನ ಸುತ್ತಲಿನ ಜಾಗಕ್ಕೆ ಸೋರುತ್ತದೆ. ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಡವಾದಷ್ಟೂ ನಂಜು ಏರುತ್ತದೆ.

ಆಪರೇಷನ್ ಅಂದರೆ ಸಾಮಾನ್ಯವಾಗಿ ಜಠರ ಕತ್ತರಿಸಿ ತೆಗೆಯುವುದಲ್ಲ. ಸೋರಿದ್ದನ್ನು ತೊಳೆದು, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರವನ್ನು ತೂತಿನ ಮೇಲೆ ಎಳೆದು ಹೊಲಿಯುತ್ತಾರೆ. ಎಷ್ಟೋ ಸಲ ಲ್ಯಾಪರೊಸ್ಕೋಪಿಯಲ್ಲೇ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿಯೇ, ಆಗುತ್ತದೆ. ಆಯ್ದ ಕೆಲವರಲ್ಲಿ ತೂತು ತಾನೇ ಮುಚ್ಚಿರುವುದೂ ಉಂಟು, ಆದರೆ ಅದನ್ನು ತೀರ್ಮಾನಿಸಬೇಕಾದವರು ಸರ್ಜನ್, ವಾಟ್ಸಾಪ್ ಅಲ್ಲ. ಆಮೇಲೆ ಎಚ್. ಪೈಲೋರಿ ಪರೀಕ್ಷೆ ಮಾಡಿಸಿ. ಇದ್ದರೆ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಬೇಕು, ಇಲ್ಲದಿದ್ದರೆ ಅಲ್ಸರ್ ಮತ್ತೆ ಬರಬಹುದು.