ನಾನು ಆಕ್ಸಿಲರೇಟರ್ ಒತ್ತಿಲ್ಲ ಕಣೇ

ಸಿಗ್ನಲ್‌ನಲ್ಲಿ ಕೆಂಪು ದೀಪ. ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ, ಎರಡೂ ಕಾಲು ಸುಮ್ನೆ ಮ್ಯಾಟ್ ಮೇಲಿವೆ. ನಮ್ಮ 20 ವರ್ಷದ ಕಾರು ಮಾತ್ರ 1800 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಾ, ಅರಚುತ್ತಿದೆ. ಪಕ್ಕದ ಬೈಕಿನ ಹುಡುಗ ನನ್ನನ್ನೊಮ್ಮೆ ನೋಡಿದ. ತಾನೂ ಒಂದು ಸಲ ರೈಸ್ ಮಾಡಿದ. ರೇಸಿಗೆ ಕರೆಯುತ್ತಿದ್ದಾನೆ! ನಾನು ಕೈಯಾಡಿಸಿ ಬೇಡಪ್ಪ ಅಂದೆ.

“ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ರೀ?” ಅಂದಳು ಹೆಂಡತಿ.

“ನಾನು ಆಕ್ಸಿಲರೇಟರ್ ಒತ್ತಿಲ್ಲ ಕಣೇ.”

ಅವಳು ಬಗ್ಗಿ ನನ್ನ ಕಾಲು ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿ ಗಳಿಸಿದ ನಂಬಿಕೆ ಇಷ್ಟು.

ಬಿಸಿಯಾದ ಪೆಟ್ರೋಲ್ ಎಂಜಿನ್ ನಿಂತಲ್ಲಿ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ಓಡಬೇಕು. ಬೆಳಿಗ್ಗೆ ತಣ್ಣಗಿರುವಾಗ 1200, 1500 ಅಂತ ಗೊಣಗಿದರೆ ತಪ್ಪಿಲ್ಲ, ನಾವೂ ಹಾಗೇ ಅಲ್ವಾ. ಸ್ವಲ್ಪ ಹೊತ್ತಿನಲ್ಲಿ ಇಳಿಯಬೇಕು. ನಮ್ಮದು ಇಳಿಯಲಿಲ್ಲ.

ಮೊದಲು ಮ್ಯಾಟ್ ಪೆಡಲ್ ಮೇಲೆ ಹತ್ತಿದೆಯಾ ನೋಡಿದೆ. ಇಲ್ಲ. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆಯಾ ನೋಡಿದೆ. ಅದೂ ಸಡಿಲವಾಗೇ ಇತ್ತು. ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತುವ ಮೊದಲೇ “ಟೆಂಪರೇಚರ್ ಸೆನ್ಸರ್ ಸಾರ್” ಅಂದರು. ಸೆನ್ಸರ್ ಕೆಟ್ಟರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಾರಿನ ಕಂಪ್ಯೂಟರ್ ತಿಳಿದುಕೊಂಡು ಸ್ಪೀಡು ಏರಿಸಿಯೇ ಇಡುತ್ತದಂತೆ. ಮಾತು ನಿಜವೇ. ಹೊಸ ಸೆನ್ಸರ್ ಬಂತು. ಅದೇ 1800.

ಎರಡನೆಯವರು ಸೀದಾ ಸ್ಕ್ರೂಡ್ರೈವರ್ ತೆಗೆದರು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಪಕ್ಕದ ಒಂದು ಸ್ಕ್ರೂ ತಿರುಗಿಸಿದರು. 1400ಕ್ಕೆ ಇಳಿಯಿತು. “ಹಳೇ ಗಾಡಿ ಸಾರ್, ಇಷ್ಟಿರುತ್ತೆ” ಅಂದರು. ‘ಹಳೇ ಗಾಡಿ’ ಅನ್ನುವ ಮಾತಿದೆಯಲ್ಲ, ಅದು ಡಾಕ್ಟರು ‘ವಯಸ್ಸಾಯ್ತಲ್ಲ’ ಅಂದ ಹಾಗೆ. ಮುಂದೆ ಪ್ರಶ್ನೆ ಕೇಳುವ ಹಾಗಿಲ್ಲ.

ಕೊನೆಗೆ ನಾನೇ ಕೂತು ಓದಿದೆ. ನಿಂತಲ್ಲಿ ಓಡುವಾಗ ಎಂಜಿನ್ನಿಗೆ ಗಾಳಿ ಬರುವ ಬಾಗಿಲು, ಅಂದರೆ ಥ್ರಾಟಲ್, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಒಳಗಿನ ಪಿಸ್ಟನ್‌ಗಳು ಮಾತ್ರ ಗಾಳಿ ಬೇಕು ಅಂತ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಬಾಗಿಲ ಹಿಂದೆ ವ್ಯಾಕ್ಯೂಮ್, ಅಂದರೆ ಗಾಳಿಯ ಬರ. ಅಲ್ಲಿಂದ, ಬ್ರೇಕ್ ಒತ್ತುವ ಕಾಲಿಗೆ ನೆರವಾಗುವ ಬ್ರೇಕ್ ಬೂಸ್ಟರ್‌ಗೆ, ಅಲ್ಲಿಗೆ ಇಲ್ಲಿಗೆ ಅಂತ ರಬ್ಬರ್ ಪೈಪುಗಳು ಹೊರಡುತ್ತವೆ. ಯಾವುದೋ ಒಂದು ಸೀಳಿದರೂ ಸಾಕು, ಗಾಳಿ ಹಿತ್ತಿಲ ಬಾಗಿಲಿನಿಂದ ನುಗ್ಗುತ್ತದೆ. ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಬಡಿಸುತ್ತದೆ. ನನ್ನ ಕಾಲಿಗೂ ಇದಕ್ಕೂ ಸಂಬಂಧವೇ ಇಲ್ಲ! ಈ ಪುಟವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ.

ಸೋರಿಕೆ ಹುಡುಕಲು ಕೆಲವರು ಪೈಪುಗಳ ಮೇಲೆ ಕಾರ್ಬ್ ಕ್ಲೀನರ್ (ಎಂಜಿನ್ ಭಾಗಗಳ ಕೊಳೆ ತೆಗೆಯುವ ದ್ರವ) ಸ್ಪ್ರೇ ಮಾಡಿ ಎಂಜಿನ್ ಸದ್ದು ಬದಲಾಗುತ್ತದಾ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಹತ್ತಿಕೊಳ್ಳುವ ಸಾಮಾನು. ನನ್ನ ಕೈಗುಣ ನನಗೆ ಗೊತ್ತು. ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ತುಂಡು ಕತ್ತರಿಸಿ, ಒಂದು ತುದಿ ಕಿವಿಗಿಟ್ಟೆ. ಇನ್ನೊಂದನ್ನು, ಫ್ಯಾನು ಬೆಲ್ಟಿನಿಂದ ದೂರ ಇರಿಸಿಕೊಂಡು, ಎಂಜಿನ್ ಮೇಲೆಲ್ಲ ಆಡಿಸಿದೆ. “ಎದೆಬಡಿತ ಹೇಗಿದೆ?” ಅಂತ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯವರು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಡಾಕ್ಟರುಗಳು ಮಧ್ಯೆ ಮಾತಾಡುವುದಿಲ್ಲ.

ಏರ್ ಫಿಲ್ಟರ್ ಡಬ್ಬಿಯ ಹಿಂದೆ ಬಂದಾಗ ಕಿವಿಯಲ್ಲಿ ಸುಸ್ಸ್ ಅಂತು, ಪಂಕ್ಚರ್ ಆದ ಟ್ಯೂಬಿನ ಹಾಗೆ. ಟಾರ್ಚ್ ಬಿಟ್ಟು ನೋಡಿದೆ. ಕಿರುಬೆರಳು ಗಾತ್ರದ ಒಂದು ಮೂತಿ ಬಾಯಿ ತೆರೆದುಕೊಂಡು ಕೂತಿದೆ. ಅದಕ್ಕೆ ಸೇರಬೇಕಾದ ಪೈಪು ಪಕ್ಕದಲ್ಲಿ ತಲೆ ತಗ್ಗಿಸಿದೆ. ಹೆಬ್ಬೆರಳು ಒತ್ತಿದೆ. ಚಪ್ ಅಂತ ಎಳೆದುಕೊಂಡಿತು. ಎಂಜಿನ್ ಸದ್ದು ಇಳಿಯಿತು, ಇನ್ನೂ ಇಳಿಯಿತು, ಒಂದು ಸಲ ನಡುಗಿತು, ನಿಂತೇ ಹೋಯಿತು.

ಅಯ್ಯೋ, ಕೊಂದೇ ಬಿಟ್ಟೆ ಅಂದುಕೊಂಡೆ. ಆಮೇಲೆ ನೆನಪಾಯಿತು, ಆ ಸ್ಕ್ರೂ! ಹಿತ್ತಿಲ ಬಾಗಿಲು ತೆರೆದಿದೆ ಅಂತ ಮುಂದಿನ ಬಾಗಿಲನ್ನೂ ಬಿಗಿದಿದ್ದರು. ಈಗ ಎರಡೂ ಬಂದ್. ಪೈಪು ಸಿಕ್ಕಿಸಿ, ಕ್ಲಿಪ್ ಹಾಕಿ, ಸ್ಕ್ರೂವನ್ನು ಹಳೇ ಗುರುತಿಗೆ ತಂದೆ. 850. ನಾನೇ ಸೀಟಿ ಹೊಡೆದೆ.

ಸದ್ದು ಕೇಳಿ ಹೆಂಡತಿ ಹೊರಗೆ ಬಂದಳು. ಎಲ್ಲ ವಿವರಿಸಿದೆ. “ಪೈಪು ತಾನಾಗಿ ಹೇಗೆ ಬಿಚ್ಚಿಕೊಳ್ಳುತ್ತೆ?” ಅಂದಳು. ಹಳೇ ಗಾಡಿ, ಇಷ್ಟಿರುತ್ತೆ ಅಂದೆ.

“ಹೋದ ತಿಂಗಳು ದುಡ್ಡು ಉಳಿಸ್ತೀನಿ ಅಂತ ಏರ್ ಫಿಲ್ಟರ್ ನೀವೇ ಬದಲಾಯಿಸಿದ್ರಲ್ಲ. ಅವತ್ತೇ ‘ಒಂದು ಪೈಪು ಜಾಸ್ತಿ ಇದೆ, ಏನಕ್ಕೋ’ ಅಂದಿದ್ರಿ.”

ಮೆಕ್ಯಾನಿಕ್ ಬಿಚ್ಚಿಕೊಟ್ಟ ಹಳೇ ಸೆನ್ಸರ್ ಇನ್ನೂ ಡ್ಯಾಶ್‌ಬೋರ್ಡ್ ಖಾನೆಯಲ್ಲಿದೆ. ಪಾಪ, ಅದು ಚೆನ್ನಾಗೇ ಇತ್ತು. ಎಸೆಯಲು ಮನಸ್ಸಿಲ್ಲ, ಮುಖ ನೋಡಲು ಧೈರ್ಯವಿಲ್ಲ.