ಫ್ಲೆಮಿಂಗೋ ಪುಲಿಕಾಟ್‌ಗೆ ಬರೋದು ಮೇಯ್ಲಿಕ್ಕರೀ
ನಮ್ಮ ಕಲಬುರಗಿ ವಾಟ್ಸಾಪ್ ಗ್ರೂಪ್‌ನ್ಯಾಗ ಒಂದು ಫಾರ್ವರ್ಡ್ ತಿರಗ್ಲಿಕತ್ತದ, 'ಆಂಧ್ರ-ತಮಿಳುನಾಡು ಗಡಿಯ ಪುಲಿಕಾಟ್ ಸರೋವರದಾಗ ಸಾವಿರಾರು ಫ್ಲೆಮಿಂಗೋ ಹಕ್ಕಿ ಮೊಟ್ಟಿ ಇಟ್ಟಾವ, ಮರಿ ನೋಡ್ಲಿಕ್ಕ ಟೂರ್ ಬರ್ರಿ' ಅಂತ. ಮೊದಲ ರೊಕ್ಕ ಕಟ್ಟಬ್ಯಾಡ್ರಿ. ಅವು ಅಲ್ಲಿಗಿ ಬರೋದು ಮುಖ್ಯವಾಗಿ ಮೇಯ್ಲಿಕ್ಕ, ಆಳ ಇಲ್ಲದ ಉಪ್ಪುನೀರಾಗ ಸಣ್ಣ ಹುಳ, ಪಾಚಿ ಸಿಗ್ತದ ನೋಡ್ರಿ, ದೊಡ್ಡ ಪ್ರಮಾಣದಾಗ ಗೂಡು ಕಟ್ಟೋದು ಗುಜರಾತಿನ ಕಚ್ಛ್ ರಣದಾಗ, ಕೆಸರಿನ ಗುಡ್ಡಿ ಮಾಡಿ ಸಾಮಾನ್ಯವಾಗಿ ಒಂದೇ ಮೊಟ್ಟಿ. ಆ ಫಾರ್ವರ್ಡ್ ಫೋಟೋದಾಗಿನ ಮರದ ಮ್ಯಾಲಿನ ಗೂಡಂತೂ ಫ್ಲೆಮಿಂಗೋದ್ದು ಅಲ್ಲೇ ಅಲ್ಲ, ಹೆಜ್ಜಾರ್ಲೆದ್ದು (ಪೆಲಿಕಾನ್). ಈ ಹೆಜ್ಜಾರ್ಲೆ ಪುಲಿಕಾಟ್ ಹತ್ರದ ನೇಲಪಟ್ಟು ಕೆರಿಯಾಗ, ನೀರಾಗ ನಿಂತ ಮರದ ಮ್ಯಾಲ ಮರಿ ಮಾಡಿ, ಮೀನಿಗಿ ಪುಲಿಕಾಟ್‌ಗೆ ಹಾರ್ತಾವ, ಹಂಗಾಗಿ ಆ ಕೆರಿ, ಈ ಸರೋವರ ಎರಡೂ ಉಳಿಬೇಕು. ಗೂಡಿನ ಹತ್ರ ಜನ ಹೋದ್ರ ತಾಯಿಹಕ್ಕಿ ಎದ್ದು ಹೋಗ್ತದ, ಬಿಸಲಿಗಿ ಮೊಟ್ಟಿ ಕೆಡ್ತಾವ. ಹಕ್ಕಿ ನೋಡೋ ಹಂಬಲ ಇದ್ರ ಚಳಿಗಾಲದಾಗ ಸುರಪುರ ಕಡಿ ಬೋನಾಳ ಕೆರಿಗಿ ಹೋಗ್ರಿ.